ಗಂಗವ್ವನ ಬಳೆ ಅಳತೆ

ಹೆಣ್ಣಿಗೆ ಗುಂಡು, ಗಂಡಿಗೆ ಚೌಕ. ಕಾಯಿಲೆ ಇದ್ದವನ ಚೌಕವನ್ನು ಕಪ್ಪಗೆ ತುಂಬಬೇಕು. ತನಗೆ ಏನೂ ಆಗದೆ ಕಾಯಿಲೆಯನ್ನು ಹೊತ್ತು ಮಕ್ಕಳಿಗೆ ದಾಟಿಸುವ ತಾಯಿಯ ಗುಂಡಿನ ನಡುವೆ ಒಂದು ಚುಕ್ಕೆ ಇಡಬೇಕು. ಮೂವತ್ತೊಂದು ವರ್ಷ ನಾನು ಮಾಡಿದ್ದು ಇಷ್ಟೇ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಿರುಗಿ ಮನೆ ಮನೆಯ ವಂಶದ ನಕ್ಷೆ ಬರೆದೆ. ಜನ ನನ್ನ ಹೆಸರು ಮರೆತು ‘ಗುಂಡು-ಚೌಕದ ಅಕ್ಕಾರು’ ಎಂದು ಕರೆದರು. ನನಗೂ ಅದೇ ರೂಢಿಯಾಯಿತು.

ಹೋದ ವಾರ ಈ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದು, ‘ಮೇಡಂ, ನಿಮ್ಮ ಅನುಭವ ಬರೆದುಕೊಡಿ’ ಎಂದರು. ಬಡ್ತಿ ಸಿಕ್ಕಿದ್ದು, ಶಾಲು ಹೊದಿಸಿದ್ದು ಬರೆಯಲು ಕೂತರೆ ನನಗೇ ಆಕಳಿಕೆ ಬರುತ್ತದೆ. ಅದಕ್ಕೇ ತಪ್ಪುಗಳನ್ನು ಬರೆಯುತ್ತೇನೆ. ಅವು ಬಹಳ ಮಜವಾಗಿವೆ.

ನಮ್ಮ ಆಸ್ಪತ್ರೆಯ ಆನುವಂಶಿಕ ಕಾಯಿಲೆಗಳ ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಡಾಕ್ಟರಮ್ಮ ಎನ್ನುತ್ತಿದ್ದೆವು. ಎತ್ತರ ಐದಡಿಯೂ ಇರಲಿಲ್ಲ, ಆದರೆ ಅವರ ಕೋಣೆಯ ಬಾಗಿಲು ತಟ್ಟುವ ಮೊದಲು ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಅವರದು ಒಂದೇ ಕಟ್ಟಳೆ: ನಕ್ಷೆಯನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು. ಮೊದಲ ದಿನ ನಾನು ಹೊಸ ಪೆನ್ನು ತೆಗೆದೆ. ಅವರು ಅದನ್ನು ಕಸಿದು ಡ್ರಾಯರಿಗೆ ಹಾಕಿ ಬೀಗ ಹಾಕಿದರು.

‘ಯಾವ ಮನಿತನಾನೂ ಮೊದಲನೇ ದಿನ ಖರೇ ಹೇಳೂದಿಲ್ಲ. ಎರಡನೇ ದಿನಾನೂ ಹೇಳೂದಿಲ್ಲ. ರಬ್ಬರು ಸವೀಬೇಕು, ಆವಾಗ ನಕ್ಷೆ ತಯಾರಾಗ್ತದ’ ಎಂದರು.

ಇನ್ನು ಲೆಕ್ಕದ ವಿಷಯ. ಕೆಲವು ಕಾಯಿಲೆಗಳು ಎಕ್ಸ್ ಎಂಬ ವರ್ಣತಂತುವಿನ ಮೇಲೆ ಕುಳಿತು ಬರುತ್ತವೆ. ಗಾಯವಾದರೆ ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಅಂಥದು, ಬಣ್ಣಗುರುಡೂ ಅಂಥದೇ. ಹೆಣ್ಣಿಗೆ ಈ ವರ್ಣತಂತು ಎರಡಿರುತ್ತವೆ. ಒಂದು ಕೆಟ್ಟರೂ ಇನ್ನೊಂದು ಸಂಸಾರ ಸಾಗಿಸುತ್ತದೆ. ಗಂಡಿಗೆ ಇರುವುದು ಒಂದೇ, ಅದನ್ನೂ ತಾಯಿಯೇ ಕೊಟ್ಟಿರುತ್ತಾಳೆ. ಕೆಟ್ಟದ್ದನ್ನು ಕೊಟ್ಟಳೋ, ಒಳ್ಳೆಯದನ್ನು ಕೊಟ್ಟಳೋ ಎಂಬುದು ಅರ್ಧಕ್ಕರ್ಧ. ಇದನ್ನು ತಿಳಿಸಲು ನನ್ನ ಚೀಲದಲ್ಲಿ ಚೌಕಾಬಾರ ಆಡುವ ಹುಣಸೆ ಬೀಜ ಇರುತ್ತಿತ್ತು. ಒಂದು ಮಗ್ಗುಲು ಕಪ್ಪು, ಉಜ್ಜಿದ ಮಗ್ಗುಲು ಬಿಳುಪು. ಒಂದೊಂದು ಹೆರಿಗೆಯೂ ಒಂದೊಂದು ಎಸೆತ.

ಸವಣೂರಿನಲ್ಲಿ ಸೀರೆ ಅಂಗಡಿ ಇಟ್ಟಿದ್ದ ಒಬ್ಬ ಸಾಹೇಬರಿದ್ದರು. ಅವರಿಗೆ ಕೆಂಪು, ಹಸಿರು ಒಂದೇ ತರಹ ಕಾಣುತ್ತಿತ್ತು. ನಲವತ್ತು ವರ್ಷ ಅಂಗಡಿ ನಡೆಸಿದ್ದು ಹೇಗೆಂದರೆ, ಅವರ ಬೇಗಂ ಪ್ರತಿ ಸೀರೆಯ ಮಡಿಕೆಯೊಳಗೆ ಬಣ್ಣದ ಹೆಸರು ಬರೆದ ಚೀಟಿ ಇಡುತ್ತಿದ್ದರು. ಒಮ್ಮೆ ಬೇಗಂ ತವರಿಗೆ ಹೋದಾಗ ಒಬ್ಬ ಮದುಮಗಳಿಗೆ ‘ಇದು ಅಸಲಿ ಗಿಣಿಹಸಿರು’ ಎಂದು ಕುಂಕುಮ ಬಣ್ಣದ ಸೀರೆ ಹೊದಿಸಿ ಕಳಿಸಿದ್ದರಂತೆ. ಮಗಳ ಮಕ್ಕಳಿಗೂ ಹೀಗಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ತಂದೆಯ ಒಂದೇ ಎಕ್ಸ್ ಮಗಳಿಗೆ ಹೋಗಿಯೇ ಹೋಗಿರುತ್ತದೆ, ಆದ್ದರಿಂದ ಆಕೆಯ ಪ್ರತಿ ಗಂಡುಮಗುವಿಗೂ ಅರ್ಧಕ್ಕರ್ಧ ಎಂದು ಬೀಜ ಕೈಗೆ ಕೊಟ್ಟೆ. ಅವರು ಎಸೆದರು, ಕಪ್ಪು ಬಿತ್ತು.

‘ಇದು ಬ್ಯಾಡ. ಮತ್ತೊಮ್ಮೆ’ ಎಂದರು.

‘ಸಾಹೇಬ್ರ, ಇದು ಬರೇ ತಿಳಕೊಳ್ಳಾಕರಿ. ನೀವು ಒಗದದ್ದು ಮೊಮ್ಮಗನಿಗೆ ಹತ್ತೂದಿಲ್ಲ.’

‘ಇರ್ಲಿ ಬೇಟಿ, ಬಿಳಿ ಬೀಳೂತನಾ ನಾ ಏಳಂಗಿಲ್ಲ.’

ಸಾಲಾಗಿ ನಾಲ್ಕು ಬಿಳಿ ಬೀಳುವವರೆಗೂ ಎಸೆದರು. ಹೊರಗೆ ಕಾಯುತ್ತಿದ್ದವರೆಲ್ಲ ಒಳಗೆ ಬಂದು ಸುತ್ತ ನಿಂತು ಕೂಗಿ ಹುರಿದುಂಬಿಸಿದರು. ಹೋಗುವಾಗ ಬಾಗಿಲಲ್ಲಿ ತಿರುಗಿ, ‘ಕಪ್ಪು ಬಿದ್ರೂ ಚಿಂತಿಲ್ಲ. ಆ ಹುಡುಗಗ ಬಿಳಿ ಧೋತರದ ಅಂಗಡಿ ಹಾಕಿಸ್ತೇನಿ’ ಎಂದರು. ಆ ಬೀಜ ಈಗಲೂ ನನ್ನ ಹತ್ತಿರ ಇದೆ.

ನಾನು ಮಾಡಿದ ಮೊದಲ ದೊಡ್ಡ ತಪ್ಪು ಹಿರೇಕೆರೂರಿನ ಕಡೆಯದು. ನಮ್ಮ ಸೀಮೆಯಲ್ಲಿ ವಂಶಾವಳಿ ಹೇಳುವ ಹೇಳವರು ಎತ್ತಿನ ಮೇಲೆ ಬರುತ್ತಿದ್ದರು. ಹಾಗೆ ಬಂದ ಒಬ್ಬ ಹೇಳವ ಒಂದು ಮನೆತನದ ಹದಿನಾಲ್ಕು ತಲೆಮಾರನ್ನು ಉಸಿರು ಬಿಡದೆ ಹೇಳಿದ. ಎಷ್ಟು ಸುಲಭವಾಯಿತು ಎಂದು ನಾನು ಹಾಳೆಯ ಮೇಲೆ ಹಾಳೆ ಅಂಟಿಸಿ ಬರೆದೆ. ಸುರುಳಿ ಬಿಚ್ಚಿದರೆ ದೊಡ್ಡ ಡಾಕ್ಟರಮ್ಮನ ಕೋಣೆಯಿಂದ ಔಷಧಿ ಅಂಗಡಿಯವರೆಗೆ ಬರುತ್ತಿತ್ತು. ಅವರು ಸುರುಳಿಯ ಪಕ್ಕದಲ್ಲೇ ಬಗ್ಗಿ ನಡೆಯುತ್ತ ಅಂಗಡಿಯವರೆಗೆ ಹೋಗಿ ಬಂದರು.

‘ಇದರಾಗ ಗುಂಡು ಎಲ್ಲಿ ಅವ?’ ಎಂದರು.

ಇರಲಿಲ್ಲ! ಹದಿನಾಲ್ಕು ತಲೆಮಾರು ಬರೀ ಚೌಕ. ಗಂಡಸರೇ ಗಂಡಸರನ್ನು ಹೆತ್ತಂತಿತ್ತು. ಹೇಳವ ತನ್ನ ಪದ್ಧತಿಯಂತೆ ಗಂಡುಸಂತಾನ ಹೇಳಿದ್ದ, ಅವನದೇನೂ ತಪ್ಪಿಲ್ಲ. ತಾಯಿಯಿಂದ ಬರುವ ಕಾಯಿಲೆಯನ್ನು ಹುಡುಕಲು ಹೊರಟು ತಾಯಂದಿರನ್ನೇ ಬಿಟ್ಟವಳು ನಾನು.

ನಾಚಿಕೆಯಾಗಿ ಅದೇ ಮನೆಗೆ ಮತ್ತೆ ಹೋಗಿ ಹೆಣ್ಣುಮಕ್ಕಳನ್ನಷ್ಟೇ ಕೇಳಿ ಬರೆದುತಂದೆ. ಈ ಸಲ ಕಸ್ತೂರಿ ಎಂಬವಳಿಗೆ ಒಂದು ಗುಂಡು, ಮಹಾದೇವಿ ಎಂಬವಳಿಗೆ ಒಂದು ಗುಂಡು. ಇಬ್ಬರಿಗೂ ರಕ್ತ ನಿಲ್ಲದ ಒಬ್ಬೊಬ್ಬ ಮಗ. ಆಮೇಲೆ ಗೊತ್ತಾಯಿತು, ತವರಿನಲ್ಲಿ ಕಸ್ತೂರಿಯಾಗಿದ್ದವಳಿಗೇ ಗಂಡನ ಮನೆಯಲ್ಲಿ ಮಹಾದೇವಿ ಎಂದು ಹೆಸರಿಟ್ಟಿದ್ದರು. ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ನನ್ನ ತಾಯಿಗೂ ಎರಡು ಹೆಸರಿದ್ದವು. ಆದರೂ ನನಗೆ ಹೊಳೆಯಲಿಲ್ಲ. ದೊಡ್ಡ ಡಾಕ್ಟರಮ್ಮ ರಬ್ಬರನ್ನು ನನ್ನ ಮುಂದೆ ಇಟ್ಟು, ಅಳಿಸಿ ಮುಗಿಸುವವರೆಗೂ ಎದುರಿಗೇ ಕೂತಿದ್ದರು.

ಅಂದಿನಿಂದ ನಾನು ಶಾಣ್ಯಾಳಾದೆ. ಎರಡು ಹೆಸರು ಕಂಡ ಕೂಡಲೇ ‘ತವರಿನದೋ, ಗಂಡನ ಮನೆಯದೋ’ ಎಂದು ಕೇಳುವುದು. ಕೆಲ ವರ್ಷ ಕಳೆದ ಮೇಲೆ ಕೇಳುವುದನ್ನೂ ಬಿಟ್ಟು ನಾನೇ ತೀರ್ಮಾನಿಸತೊಡಗಿದೆ. ಹುಡುಗಿಯರೇ, ಇಲ್ಲಿಂದ ಮುಂದಿನದನ್ನು ಸ್ವಲ್ಪ ಗಮನವಿಟ್ಟು ಓದಿ.

ಅಕ್ಕಿಆಲೂರಿನ ಹತ್ತಿರದ ಒಂದು ಹಳ್ಳಿಯಿಂದ ಶೋಭಾ ಎಂಬ ಹುಡುಗಿ ಬಂದಳು. ಇಪ್ಪತ್ನಾಲ್ಕು ವರ್ಷ, ಹೊಲಿಗೆ ತರಗತಿ ನಡೆಸುತ್ತಿದ್ದಳು. ಶಿಗ್ಗಾಂವಿಯ ಹುಡುಗನೊಂದಿಗೆ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಹುಡುಗನ ತಂದೆಯ ಕಿವಿಗೆ ಶೋಭಾಳ ದೊಡ್ಡವ್ವನ ಮಗ ಮಂಜುನಾಥನ ವಿಷಯ ಬಿದ್ದಿತ್ತು. ಮಂಜುನಾಥನಿಗೆ ಹಿಮೋಫಿಲಿಯಾ. ಹುಡುಗನ ತಂದೆ ಈರಣ್ಣ ಮಾಸ್ತರು ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಕಾಯಿಲೆ ಎಂದು ಕೂಗಾಡಲಿಲ್ಲ, ‘ಎಷ್ಟರಾಗ ಎಷ್ಟು, ಲೆಕ್ಕ ತಗೊಂಡು ಬರ್ರಿ’ ಎಂದು ಕಳಿಸಿದ್ದರು. ಈ ಮದುವೆ ಆಗಬೇಕೆಂದು ಶೋಭಾಳಿಗೆ ಎಷ್ಟು ಆಸೆಯಿತ್ತೆಂದರೆ, ಹುಡುಗನ ಅಂಗಿಯ ಅಳತೆ ಕೇಳದೆಯೇ ಅವಳಿಗೆ ಗೊತ್ತಿತ್ತು.

ಮಂಜುನಾಥ ಚಿಕ್ಕವನಿದ್ದಾಗ ಅವನ ತಾಯಿ ನೀಲವ್ವ ಬರೆಸಿದ್ದ ಹಳೆಯ ಕಡತ ನನ್ನ ಹತ್ತಿರವೇ ಇತ್ತು. ತೆಗೆದು ನೋಡಿದೆ. ನೀಲವ್ವನ ತಂದೆ ರುದ್ರಪ್ಪ, ತಾಯಿ ಗಂಗವ್ವ. ಗಂಗವ್ವನ ತಮ್ಮ ಹಲ್ಲು ಕೀಳಿಸಿದ ಮೇಲೆ ರಕ್ತ ನಿಲ್ಲದೆ ತೀರಿಕೊಂಡಿದ್ದ. ಈಗ ಶೋಭಾ ಹೇಳಿದ್ದು: ತನ್ನ ತಾಯಿ ಶಾರದವ್ವ, ನೀಲವ್ವನ ತಂಗಿ. ಶಾರದವ್ವನ ತಂದೆ ರುದ್ರಪ್ಪ, ತಾಯಿ ಚನ್ನವ್ವ.

ಗಂಗವ್ವ, ಚನ್ನವ್ವ. ನಾನು ಒಳಗೊಳಗೇ ನಕ್ಕೆ. ಮತ್ತೆ ಅದೇ ಬಲೆ! ಒಮ್ಮೆ ಬಿದ್ದವಳು ಎರಡನೇ ಸಲ ಬೀಳುತ್ತಾಳೆಯೇ? ಒಂದು ತವರಿನ ಹೆಸರು, ಇನ್ನೊಂದು ಗಂಡನ ಮನೆಯ ಹೆಸರು ಎಂದು ಎರಡನ್ನೂ ಒಂದೇ ಗುಂಡಿನ ಕೆಳಗೆ ಬರೆದೆ. ತಮ್ಮನಿಗೂ ಮೊಮ್ಮಗನಿಗೂ ಕಾಯಿಲೆ ಇದ್ದ ಮೇಲೆ ಆ ಅಜ್ಜಿ ವಾಹಕಿ, ಅಂದರೆ ಚುಕ್ಕೆಯ ಗುಂಡು, ಎಂಬುದರಲ್ಲಿ ಅನುಮಾನವಿಲ್ಲ. ಅವಳ ಮಗಳು ಶಾರದವ್ವನಿಗೆ ಎರಡರಲ್ಲಿ ಒಂದು, ಶೋಭಾಳಿಗೆ ನಾಲ್ಕರಲ್ಲಿ ಒಂದು, ಶೋಭಾಳ ಪ್ರತಿ ಗಂಡುಮಗುವಿಗೆ ಎಂಟರಲ್ಲಿ ಒಂದು. ಶೋಭಾಳಿಗೆ ಅಣ್ಣತಮ್ಮಂದಿರಿದ್ದು ಅವರು ಆರೋಗ್ಯವಾಗಿದ್ದರೆ ಲೆಕ್ಕ ಇಳಿಯುತ್ತಿತ್ತು, ಆದರೆ ಅವಳು ಒಬ್ಬಳೇ ಮಗಳು. ಎಂಟರಲ್ಲಿ ಒಂದು ಎಂದು ಹೇಳಿ ಕಳಿಸಿದೆ. ರಕ್ತಪರೀಕ್ಷೆಗೂ ಬರೆದುಕೊಟ್ಟೆ. ಆಗ ಮಾದರಿ ದೂರದ ಊರಿಗೆ ಹೋಗಿ ಉತ್ತರ ಬರಲು ತಿಂಗಳುಗಟ್ಟಲೆ ಬೇಕಿತ್ತು.

ಈರಣ್ಣ ಮಾಸ್ತರು ಅಷ್ಟು ಕಾಯಲಿಲ್ಲ. ‘ಹನ್ನೆರಡೂವರೆ ಪರ್ಸೆಂಟು’ ಎಂದು ಕ್ಷಣದಲ್ಲಿ ಭಾಗಿಸಿ, ಮದುವೆಯನ್ನು ತಡೆಹಿಡಿದರು. ಹದಿನೈದು ದಿನದಲ್ಲಿ ಬೇರೆ ಹುಡುಗಿಯನ್ನು ನೋಡಲು ಹೊರಟಿದ್ದಾರೆ ಎಂಬ ಸುದ್ದಿಯೂ ಬಂತು. ಶೋಭಾ ಒಬ್ಬಳೇ ಬಸ್ಸು ಹಿಡಿದು ನನ್ನ ಮುಂದೆ ಬಂದು ಕೂತಳು. ಅಳಲಿಲ್ಲ.

‘ಅಕ್ಕಾರ, ಎಂಟರಾಗ ಒಂದು ಅಂತ ಹೇಳಿದ್ರಿ. ಎಂಟರಾಗ ಏಳು ಚೊಲೋ ಇರ್ತಾವ ಅಂತ ಯಾಕ ಹೇಳಲಿಲ್ರಿ?’

ಲೆಕ್ಕ ಒಂದೇ, ಆದರೆ ನಾನು ಕತ್ತಲಿನ ಬದಿಯನ್ನಷ್ಟೇ ತೋರಿಸಿದ್ದೆ. ಆ ಹುಡುಗಿ ಕಲಿಸಿದ್ದನ್ನು ಮುಂದೆ ಒಂದು ದಿನವೂ ಬಿಡಲಿಲ್ಲ, ಎರಡೂ ಬದಿ ಹೇಳಿದೆ. ನೀವೂ ಹೇಳಿ.

ಆ ಮಂಗಳವಾರ ಅಕ್ಕಿಆಲೂರಿನ ಸಂತೆಯಲ್ಲಿ ಬಳೆ ಇಡಿಸಿಕೊಳ್ಳಲು ಖಾಸಿಂಬಿಯ ಮುಂದೆ ಕುಳಿತೆ. ಖಾಸಿಂಬಿ ಸವಣೂರಿನವಳು, ಎಪ್ಪತ್ತರ ಹತ್ತಿರದ ಮುದುಕಿ. ಐವತ್ತು ವರ್ಷದಿಂದ ಬಳೆಯ ಬುಟ್ಟಿ ಹೊತ್ತು ಊರೂರು ತಿರುಗಿದವಳು. ಯಾರ ಮಗಳನ್ನು ಎಲ್ಲಿಗೆ ಕೊಟ್ಟರು, ಯಾರ ಕುಬಸ ಯಾವ ತಿಂಗಳು, ಎಲ್ಲ ಅವಳಿಗೆ ಗೊತ್ತು. ಬಸುರಿಗೆ ಕುಬಸದಲ್ಲಿ ಹಸಿರು ಬಳೆ ಇಡಿಸುವಾಗ ಮನೆಯ ಹೆಂಗಸರೆಲ್ಲ ಅವಳ ಮುಂದೆ ಕೈ ಚಾಚಬೇಕಲ್ಲ! ಅವಳು ನನ್ನ ಕೈ ಹಿಸುಕುತ್ತ, ‘ಬಿರುಸು ಕೈ ರೀ ಅಕ್ಕಾರ. ರುದ್ರಪ್ಪನ ಮನಿ ಚನ್ನವ್ವನ ಕೈನೂ ಹಿಂಗ’ ಎಂದಳು.

ಕೇಳಬಾರದಿತ್ತು. ಒಂದು ಮನೆಯ ಮಾತನ್ನು ಸಂತೆಯಲ್ಲಿ ಆಡುವುದು ನಮ್ಮ ಕೆಲಸದಲ್ಲಿ ಪಾಪ. ಆದರೂ ಬಾಯಿ ತಡೆಯಲಿಲ್ಲ. ‘ಚನ್ನವ್ವಗ ತವರಮನ್ಯಾಗ ಗಂಗವ್ವ ಅಂತಿದ್ರಲ್ಲ?’ ಎಂದೆ.

ಖಾಸಿಂಬಿ ನನ್ನ ಕೈ ಬಿಟ್ಟಳು. ‘ಯಾರು ಹೇಳಿದ್ರು? ಗಂಗವ್ವನ ಬಳಿ ಅಳತಿ ಎರಡು-ನಾಕು. ನಾ ಲಗ್ನ ಆಗಿ ಬಂದ ವರ್ಷ ಅತ್ತಿ ಜೋಡಿ ಹೋಗಿ ನೋಡೇನಿ. ಚನ್ನವ್ವಂದು ಎರಡು-ಎಂಟು. ಹೆಸರು ಬದಲಿ ಮಾಡಿದ್ರ ಕೈ ದಪ್ಪ ಆಗ್ತದೇನ್ರಿ?’

‘ಅಂದ್ರ ಇಬ್ರಾ?’ ಎಂದೆ.

‘ಇಬ್ರು. ಗಂಗವ್ವ ರಟ್ಟೀಹಳ್ಳಿ ಕಡೆಯಾಕಿ, ಮೂರು ತಿಂಗಳ ಕೂಸು ಬಿಟ್ಟು ಸತ್ಲು, ಪಾಪ. ಆಮ್ಯಾಲ ಯಲವಿಗಿಯಿಂದ ಚನ್ನವ್ವನ್ನ ತಂದ್ರು.’

‘ಇಬ್ರೂ ಬಳಗ ಏನು?’

‘ಎಲ್ಲಿ ರಟ್ಟೀಹಳ್ಳಿ, ಎಲ್ಲಿ ಯಲವಿಗಿ! ಒಬ್ರ ಮುಖ ಒಬ್ರು ನೋಡಿಲ್ಲ.’

ನಾನು ಒಂದೇ ಕೈಗೆ ಬಳೆ ಇಡಿಸಿಕೊಂಡು ಎದ್ದೆ. ಬಸ್ ನಿಲ್ದಾಣಕ್ಕೆ ಓಡುತ್ತಲೇ ಲೆಕ್ಕ ಮಾಡಿದೆ. ಕಾಯಿಲೆ ಗಂಗವ್ವನ ತವರಿನದು. ನೀಲವ್ವ ಗಂಗವ್ವನ ಮಗಳು, ಶಾರದವ್ವ ಚನ್ನವ್ವನ ಮಗಳು. ಇಬ್ಬರಿಗೂ ತಂದೆ ಮಾತ್ರ ಒಬ್ಬ. ರುದ್ರಪ್ಪ ಕುಸ್ತಿ ಪೈಲ್ವಾನ, ಮೈಯೆಲ್ಲ ಗಾಯವಾದರೂ ಎರಡೇ ದಿನಕ್ಕೆ ಒಣಗುತ್ತಿದ್ದವಂತೆ, ಅಂದರೆ ಅವನಿಗೆ ಕಾಯಿಲೆ ಇರಲಿಲ್ಲ. ಹಾಗಿದ್ದರೆ ಶೋಭಾಳಿಗೆ ಈ ಕಾಯಿಲೆ ಬರುವ ದಾರಿಯೇ ಇಲ್ಲ! ಊರಿನ ಯಾವ ಹುಡುಗಿಗೂ ಇರುವಷ್ಟೇ ಭಯ ಅವಳಿಗೆ. ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಬುಟ್ಟಿ ಎತ್ತಿಕೊಂಡು ಬೇರೆ ಸೀಟಿಗೆ ಹೋದಳು.

ಬಸ್ಸಿಳಿದು ರುದ್ರಪ್ಪನ ಮನೆಗೆ ಹೋದಾಗ ಚನ್ನವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಯಾರೂ ಇಲ್ಲದ್ದನ್ನು ನೋಡಿಕೊಂಡು ಮೆಲ್ಲಗೆ ಗಂಗವ್ವನ ಹೆಸರು ತೆಗೆದೆ. ಮೊರ ನಿಂತಿತು.

‘ಆ ಹೆಸರು ಈ ಮನ್ಯಾಗ ಯಾರೂ ಎತ್ತೂದಿಲ್ರಿ’ ಎಂದಳು. ‘ನಾ ಹೊಸ್ತಿಲ ದಾಟಿ ಬಂದ ದಿನ ನೀಲವ್ವನ್ನ ನನ್ನ ತೊಡಿ ಮ್ಯಾಲ ಹಾಕಿದ್ರು. ಮಲತಾಯಿ ಅನ್ನೂ ಮಾತು ಅಕಿ ಕಿವಿಗೆ ಬೀಳಬಾರದು ಅಂತ ಊರಿಗೆಲ್ಲ ಕೈ ಮುಗಿದು ಕೇಳಿಕೊಂಡೇನಿ. ಶಾರದವ್ವಗೂ ಹೇಳಿಲ್ಲ.’

ನಾನು ಶೋಭಾಳ ಮದುವೆ ಯಾಕೆ ನಿಂತಿತು, ಈ ಒಂದು ಮಾತು ಹೊರಬಂದರೆ ಹೇಗೆ ಸರಿಹೋಗುತ್ತದೆ ಎಂದು ಹೇಳಿದೆ. ಹೇಳಬೇಕೋ ಬೇಡವೋ ನೀವೇ ತೀರ್ಮಾನಿಸಿ, ನನ್ನ ಬಾಯಿಂದ ಹೋಗುವುದಿಲ್ಲ ಎಂದೂ ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂತು. ‘ಮೊಮ್ಮಗಳಿಗೆ ಲಗ್ನ ಆಗಬೇಕಂದ್ರ, ನೀಲವ್ವಗ ನೀ ನನ್ನ ಮಗಳಲ್ಲ ಅನ್ನಬೇಕಲ್ರಿ’ ಎಂದಳು. ನನಗೂ ತಡೆಯಲಾಗಲಿಲ್ಲ, ಇಬ್ಬರೂ ಅಕ್ಕಿಯ ಮುಂದೆ ಕುಳಿತು ಅತ್ತೆವು.

ಎರಡು ದಿನ ಬಿಟ್ಟು ಚನ್ನವ್ವ ತಾನೇ ನೀಲವ್ವನನ್ನು ಕರೆಸಿದಳು. ನನ್ನನ್ನೂ ಕೂರಿಸಿಕೊಂಡಳು. ‘ನಡಕ ನಿಂತ್ರ ನನ್ನ ಚೂಟ್ರಿ’ ಎಂದಿದ್ದಳು. ನೀಲವ್ವ ಬಂದಳು, ಚಹಾ ಆಯಿತು. ಚನ್ನವ್ವ ಆಕಳು ಗಬ್ಬಾದ ವಿಷಯ ತೆಗೆದಳು. ಆಮೇಲೆ ಹಂಚು ಸೋರುವುದು, ಯಾರದೋ ಮಂಡಿ ನೋವು, ಮತ್ತೆ ಆಕಳು. ಅರ್ಧ ಗಂಟೆಯಾಯಿತು. ನಾನು ಮೂರು ಸಲ ಚೂಟಿದೆ. ಮೂರೂ ಸಲ ಅವಳು ತೊಡೆ ಸವರಿಕೊಂಡು ಆಕಳ ಕಡೆಗೇ ತಿರುಗಿದಳು.

ಕೊನೆಗೆ ನೀಲವ್ವ ಚಹಾದ ಕಪ್ಪು ಕೆಳಗಿಟ್ಟು, ‘ಅವ್ವಾ, ಗಂಗವ್ವನ ವಿಷಯ ಹೇಳಾಕ ಕರಸೀ ಏನ? ಲಗೂನ ಹೇಳಿಬಿಡು, ನನಗ ನಾಕರ ಬಸ್ಸು ತಪ್ಪತದ’ ಎಂದಳು.

‘ನಿನಗ ಯಾರು ಹೇಳಿದ್ರು?’ ಎಂದಳು ಚನ್ನವ್ವ.

‘ನಾ ಸಾಲ್ಯಾಗ ಆರನೇತ್ತೆ ಇದ್ದಾಗ ಖಾಸಿಂಬಿ ಅತ್ತಿ ಬಳಿ ಇಡಾಕ ಬಂದಿದ್ಲು. ನನ್ನ ಕೈ ಹಿಡದು, ನಿಮ್ಮವ್ವ ಗಂಗವ್ವನ ಕೈ ನೋಡು ಥೇಟ, ಅಂದ್ಲು. ಅಂದಾಕಿ ನಾಲಿಗಿ ಕಚ್ಚಿಕೊಂಡ್ಲು. ನಾ ಎಲ್ಲ ಕೇಳಿ ತಿಳಕೊಂಡೆ. ನಿನಗ ಹೇಳಿದ್ರ ನೀ ಬ್ಯಾಸರ ಮಾಡ್ಕೊತಿ ಅಂತ ಸುಮ್ಮನಿದ್ದೆ.’

‘ನಲವತ್ತು ವರ್ಷ?’

‘ನೀ ಇದ್ದಿಲ್ಲೇನು?’

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಚನ್ನವ್ವ. ಆ ನಗೆ ಶುರುವಾದದ್ದು ನಿಲ್ಲಲೇ ಇಲ್ಲ. ನೀಲವ್ವ ಗೋಡೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ, ಯಾಕೆಂದರೆ ಸುಮ್ಮನಿರಲು ಸಾಧ್ಯವಿರಲಿಲ್ಲ. ನಾಲ್ಕರ ಬಸ್ಸು ಹೋಯಿತು.

ಆಮೇಲೆ ನಾನು ಎರಡು ಹೆಸರನ್ನು ಒಂದೇ ಗುಂಡಿಗೆ ಬರೆದ ತಪ್ಪನ್ನೂ ಸರಿಯಾದ ಲೆಕ್ಕವನ್ನೂ ಹೇಳಿದೆ. ನೀಲವ್ವ ನನ್ನ ಕಡೆ ತಿರುಗಿದಳು. ‘ಅಲ್ರಿ ಅಕ್ಕಾರ, ಮಂಜು ಸಣ್ಣಾಂವ ಇದ್ದಾಗ ನಾ ನಿಮಗ ತಾಯಿ ಗಂಗವ್ವ ಅಂತ ಸ್ಪಷ್ಟ ಬರಸಿದ್ನಲ್ರಿ! ಜಡ್ಡಿನ ವಿಷಯ, ಡಾಕ್ಟರ ಮುಂದ ಸುಳ್ಳು ಹೇಳಬಾರದು ಅಂತ ಈ ಬಾಯಿಲೆ ಮೊದಲನೇ ಸಲ ಆ ಹೆಸರು ಹೇಳಿದ್ದೆ. ಅದನ್ನೂ ನೀವು ಅಳಸಿದ್ರ್ಯಾ?’

ಆ ಮನೆಯಲ್ಲಿ ಖರೆ ಹೇಳಿದವಳು ಅವಳೊಬ್ಬಳೇ, ಅವಳ ಮಾತನ್ನೇ ನನ್ನ ಶಾಣ್ಯಾತನ ನುಂಗಿಹಾಕಿತ್ತು. ಕೈ ಮುಗಿದು ತಪ್ಪಾಯಿತು ಎಂದೆ. ಅವಳಿಗೆ ಅದಕ್ಕಿಂತ ದೊಡ್ಡ ಸಂತೋಷ ಬೇರೆಯಿತ್ತು. ತನ್ನ ಕಡೆಯ ಕಾಯಿಲೆಯಿಂದ ತಂಗಿಯ ಮಗಳ ಮದುವೆ ಮುರಿಯಿತು ಎಂದು ಆ ಹದಿನೈದು ದಿನ ಅವಳು ಸರಿಯಾಗಿ ಊಟ ಮಾಡಿರಲಿಲ್ಲವಂತೆ.

ಶಾರದವ್ವ, ಶೋಭಾ ಇಬ್ಬರನ್ನೂ ಕೂರಿಸಿಕೊಂಡು ಚನ್ನವ್ವನೇ ಹೇಳಿದಳು, ಈ ಸಲ ಆಕಳಿಲ್ಲದೆ. ಎಲ್ಲರ ಒಪ್ಪಿಗೆ ಪಡೆದು ಈರಣ್ಣ ಮಾಸ್ತರನ್ನು ಕರೆಸಿದೆವು. ಅವರು ತಮ್ಮದೇ ನೋಟುಬುಕ್ಕು ತಂದಿದ್ದರು. ನಾನು ಹೊಸ ಹಾಳೆಯಲ್ಲಿ ಒಂದೊಂದೇ ಗುಂಡು ಬರೆಯುತ್ತ ಹೋದೆ, ಅವರು ಒಂದೊಂದನ್ನೂ ತಾಳೆ ನೋಡಿದರು. ಕೊನೆಗೆ ಕನ್ನಡಕ ತೆಗೆದು, ‘ಅಂದ್ರ ಉತ್ತರ ಸೊನ್ನಿ’ ಎಂದರು.

‘ಈ ಮನಿಯಿಂದ ಬರೂದು ಸೊನ್ನಿ ರೀ.’

‘ಒಂದು ಸೊನ್ನಿ ಹಾಕಾಕ ಇಷ್ಟು ದಿನಾ ತಗೊಂಡ್ರ್ಯಾ? ನಮ್ಮ ಎರಡನೇತ್ತೆ ಹುಡುಗರು ನಿಮಗಿಂತ ಲಗೂ ಹಾಕ್ತಿದ್ರು.’

ಶೋಭಾ ತಲೆ ಎತ್ತಿ, ‘ಮಾಸ್ತರ, ಎಂಟರಾಗ ಒಂದು ಇದ್ದಿದ್ರ?’ ಎಂದಳು. ಮಾಸ್ತರು ನೋಟುಬುಕ್ಕು ಮುಚ್ಚಿದರು. ‘ನನ್ನ ಮಗ ಮೂರು ದಿನದಿಂದ ಮನ್ಯಾಗ ಉಂಡಿಲ್ಲವಾ ತಂಗಿ. ಎಂಟರಾಗ ಎಂಟಿದ್ರೂ ಇಕಿನ ಅಂತಾನ’ ಎಂದು ಒಪ್ಪಿಕೊಂಡರು. ತಿಂಗಳುಗಳ ಮೇಲೆ ರಕ್ತಪರೀಕ್ಷೆಯ ಉತ್ತರವೂ ಬಂತು, ಶೋಭಾ ವಾಹಕಿ ಅಲ್ಲ. ಅದನ್ನು ಓದಲು ಅವಳಿಗೆ ಪುರಸೊತ್ತಿರಲಿಲ್ಲ, ಮದುವೆಯ ಕುಪ್ಪಸ ಹೊಲಿಯುತ್ತಿದ್ದಳು. ಈಗ ಬಿಡಿ, ಒಂದು ನಳಿಕೆ ರಕ್ತ ಕೊಟ್ಟರೆ ಕೆಲವು ವಾರಗಳಲ್ಲಿ ತಿಳಿಯುತ್ತದೆ. ಆದರೆ ಯಾರ ರಕ್ತ ತೆಗೆಯಬೇಕೆಂದು ಗೊತ್ತಾಗಲು ನಕ್ಷೆ ಬೇಕೇ ಬೇಕು.

ಮಾಸ್ತರು ಹೋದ ಮೇಲೆ ನಾನು ಹಾಳೆ ಮಡಿಸಲು ಹೊರಟೆ. ಚನ್ನವ್ವ ತಡೆದಳು. ‘ನನ್ನ ಗುಂಡು ಯಾವುದು? ನೀಲವ್ವಂದು ಯಾವುದು?’ ಎಂದು ಕೇಳಿದಳು. ತೋರಿಸಿದೆ. ನೀಲವ್ವನ ಗುಂಡಿನಿಂದ ಗೆರೆ ಗಂಗವ್ವನ ಕಡೆಗೆ ಹೋಗಿತ್ತು. ಚನ್ನವ್ವನ ಕಡೆಗೆ ಸಾಕುತಾಯಿಯ ಗುರುತಾಗಿ ಸಣ್ಣ ಸಣ್ಣ ತುಂಡು ಗೆರೆ ಹಾಕಿದ್ದೆ. ನಿಯಮ ಹಾಗೇ ಇದೆ.

ಅವಳು ಆ ತುಂಡುಗಳ ಮೇಲೆ ಬೆರಳಿಟ್ಟಳು. ‘ಇದ್ಯಾಕ ಹರದು ಹರದು ಹಾಕೀರಿ?’

‘ಹೆತ್ತದ್ದಲ್ಲ, ಸಾಕಿದ್ದು ಅಂತ ರೀ. ಲೆಕ್ಕಕ್ಕ ಹಿಡಿಯೂದಿಲ್ಲ.’

‘ಲೆಕ್ಕಕ್ಕ ಹಿಡೀಬ್ಯಾಡ್ರಿ. ಗಟ್ಟಿ ಎಳೀರಿ.’

ನೀಲವ್ವ ತಾಯಿಯ ಪಕ್ಕದಲ್ಲಿ ಬಂದು ಕೂತು, ಗೆರೆ ಇದ್ದ ಜಾಗವನ್ನೇ ನೋಡುತ್ತಿದ್ದಳು.

ನಾನು ಪೆನ್ಸಿಲ್ ಕೆಳಗಿಟ್ಟೆ. ಶೋಭಾಳಿಂದ ಪೆನ್ನು ಇಸಿದುಕೊಂಡು, ಚನ್ನವ್ವನ ಗುಂಡಿನಿಂದ ನೀಲವ್ವನ ಗುಂಡಿನವರೆಗೆ ಎಲ್ಲೂ ತುಂಡಾಗದಂತೆ ಒಂದೇ ಗೆರೆ ಎಳೆದೆ. ಮರುದಿನ ದೊಡ್ಡ ಡಾಕ್ಟರಮ್ಮ ಹಾಳೆ ನೋಡಿದರು. ‘ಇದು ತಪ್ಪು’ ಎಂದರು. ಹೌದು ಎಂದೆ, ನಡೆದದ್ದನ್ನೆಲ್ಲ ಹೇಳಿದೆ. ಅವರು ಅಭ್ಯಾಸಬಲದಿಂದ ರಬ್ಬರು ಕೈಗೆತ್ತಿಕೊಂಡರು, ಆ ಗೆರೆಯ ಮೇಲೆ ಒಂದು ಸಲ ಉಜ್ಜಿದರು, ಅದು ಹೋಗಲಿಲ್ಲ. ‘ಪೆನ್ನಿಂದು’ ಎಂದು ಹಾಳೆಯನ್ನು ಕಡತದಲ್ಲಿ ಇಟ್ಟರು.

ಹುಡುಗಿಯರೇ, ನೀವು ಹೀಗೆ ಮಾಡಬೇಡಿ. ಪೆನ್ಸಿಲ್ಲಿನಲ್ಲೇ ಬರೆಯಿರಿ, ತುಂಡು ಗೆರೆಯನ್ನೇ ಹಾಕಿ. ನನ್ನ ತಪ್ಪುಗಳನ್ನೆಲ್ಲ ಅಳಿಸಿಯೇ ಮನೆಗೆ ಬಂದೆ, ಅದೊಂದನ್ನು ಬಿಟ್ಟು.